ಪಾತ್ರ ಮೃಗವಾದಾಗ ಆಟ ಏಕೆ ವಾಲುತ್ತದೆ: ಡಂಜನ್ ಮಾಸ್ಟರ್‌ಗಳಿಗೆ ಒಂದು ದೋಷ ನಿವಾರಣೆ ಕೈಪಿಡಿ

ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಎಂಬ, ಮೇಜಿನ ಸುತ್ತ ಕೂತು ದಾಳ ಎಸೆದು ಆಡುವ ಪಾತ್ರಾಭಿನಯದ ಆಟದ ಐದನೇ ಆವೃತ್ತಿಯನ್ನು ಆಡಿಸುವವರಿಗೆ, ಅಂದರೆ ಡಂಜನ್ ಮಾಸ್ಟರ್‌ಗಳಿಗೆ, ಪಾತ್ರದ ರೂಪಾಂತರದಿಂದ ಆಟ ವಾಲುವ ತೊಂದರೆ ಸಾಮಾನ್ಯವಾಗಿ ಎರಡು ಘಟ್ಟಗಳಲ್ಲಿ ಎದುರಾಗುತ್ತದೆ. ಮೊದಲನೆಯದು 2ನೇ ಲೆವೆಲ್‌ನಲ್ಲಿ, ಸರ್ಕಲ್ ಆಫ್ ದಿ ಮೂನ್ ಎಂಬ ಪಂಗಡ ಸೇರಿದ ಡ್ರೂಯಿಡ್ (ಪ್ರಕೃತಿಯ ಮಂತ್ರವಾದಿ) ವೈಲ್ಡ್ ಶೇಪ್ ಎಂಬ ತನ್ನ ಶಕ್ತಿಯಿಂದ ಮೊದಲ ಬಾರಿಗೆ ಕಂದು ಕರಡಿಯಾಗಿ ಎದ್ದು ನಿಂತಾಗ. ಎರಡನೆಯದು 7ನೇ ಲೆವೆಲ್‌ನಲ್ಲಿ, ತಂಡದ ವಿಝರ್ಡ್, ಬಾರ್ಡ್, ಸಾರ್ಸರರ್ ಅಥವಾ ಡ್ರೂಯಿಡ್ ರೂಪ ಬದಲಿಸುವ ಪಾಲಿಮಾರ್ಫ್ ಮಂತ್ರ ಕಲಿತು ಯಾರನ್ನಾದರೂ ಜೈಂಟ್ ಏಪ್ (ದೈತ್ಯ ವಾನರ) ಆಗಿ ಬದಲಿಸಿದಾಗ. ಎರಡೂ ಕಡೆ ದೂರಿನ ಧಾಟಿ ಒಂದೇ ಆಗಿರುತ್ತದೆ: ಕಾಳಗಗಳು ಸಪ್ಪೆಯಾದವು, ಉಳಿದವರಿಗೆ ಕೆಲಸವಿಲ್ಲ, ಈ ಮಂತ್ರವನ್ನು ನಿಷೇಧಿಸಿಬಿಡೋಣವೇ?

ನಿಷೇಧಿಸಬಹುದು. ಆದರೆ ದೋಷ ಎಲ್ಲಿದೆಯೆಂದು ಗುರುತಿಸದೆ ನಿಷೇಧಿಸಿದರೆ ಅದೇ ದೋಷ ಮುಂದಿನ ಮಂತ್ರದ ಹೆಸರಿನಲ್ಲಿ ಮರಳಿ ಬರುತ್ತದೆ. ದೂರು ಹೇಳುವವರು ಬೆರಳು ತೋರಿಸುವುದು ಏಪ್‌ನ ಮುಷ್ಟಿಯ ಕಡೆಗೆ. ನಾನು ಕಂಡ ಮಟ್ಟಿಗೆ ದೋಷದ ದೊಡ್ಡ ಪಾಲು ಅದರ ಹಿಟ್ ಪಾಯಿಂಟ್‌ಗಳಲ್ಲಿ (ಬೀಳುವ ಮುನ್ನ ತಾಳಬಲ್ಲ ಏಟಿನ ಅಂಕಿ), ಇನ್ನೊಂದು ದೊಡ್ಡ ಪಾಲು ಡಂಜನ್ ಮಾಸ್ಟರ್ ಮರೆತ ನಿಯಮಗಳಲ್ಲಿ ಇರುತ್ತದೆ. ಕೆಳಗಿನ ಲೆಕ್ಕಗಳೆಲ್ಲ 2014ರ ನಿಯಮಪುಸ್ತಕಗಳಿಗೆ ಸಂಬಂಧಿಸಿದವು. 2024ರ ಪರಿಷ್ಕೃತ ನಿಯಮಗಳಲ್ಲಿ ಬದಲಾದದ್ದನ್ನು ಪ್ರತ್ಯೇಕವಾಗಿ ಹೇಳಿದ್ದೇನೆ. ಎರಡು ಪುಸ್ತಕಗಳನ್ನು ಬೆರೆಸಿಕೊಂಡು ಆಡುವ ಮೇಜುಗಳಲ್ಲಿ ತೊಂದರೆಯ ಮೂಲ ಕೆಲವೊಮ್ಮೆ ಆ ಬೆರಕೆಯೇ ಆಗಿರುತ್ತದೆ. ಆದ್ದರಿಂದ ಎಲ್ಲಕ್ಕಿಂತ ಮೊದಲು ಯಾವ ಪುಸ್ತಕದ ಪಾಲಿಮಾರ್ಫ್, ಯಾವ ಪುಸ್ತಕದ ವೈಲ್ಡ್ ಶೇಪ್ ಬಳಕೆಯಲ್ಲಿದೆ ಎಂಬುದನ್ನು ಖಚಿತಪಡಿಸಿಕೊಳ್ಳಿ.

ಮೊದಲು ಒಂದು ಕಾಳಗವನ್ನು ಬರೆದಿಡಿ

"ಏಪ್ ವಿಪರೀತವಾಯಿತು" ಎಂಬುದು ದೂರು ಮಾತ್ರ. ಅದರಿಂದ ರೋಗನಿರ್ಣಯ ಸಾಧ್ಯವಿಲ್ಲ. ಮುಂದಿನ ಆಟದಲ್ಲಿ ಒಂದು ಹಾಳೆ ತೆಗೆದುಕೊಂಡು, ಪ್ರತಿ ಸುತ್ತಿನಲ್ಲಿ ಯಾರು ಎಷ್ಟು ಡ್ಯಾಮೇಜ್ ಮಾಡಿದರು, ಶತ್ರುವಿನ ಹೊಡೆತಗಳು ಯಾರಿಗೆ ತಾಗಿದವು, ಮಂತ್ರ ಹಾಕಿದವರು ಕಾನ್ಸಂಟ್ರೇಶನ್ ಪರೀಕ್ಷೆಯ (ಏಟು ಬಿದ್ದಾಗ ಮಂತ್ರ ಉಳಿಯುವುದೇ ಎಂದು ನೋಡುವ) ದಾಳವನ್ನು ಎಷ್ಟು ಬಾರಿ ಎಸೆದರು ಎಂಬ ಮೂರು ವಿಷಯಗಳನ್ನು ಗುರುತು ಹಾಕಿಕೊಳ್ಳಿ. ಹೆಚ್ಚಿನದೇನೂ ಬೇಡ.

ನನ್ನ ಮೇಜಿನಲ್ಲಿ ಹೀಗೆ ಬರೆದಿಟ್ಟ ಮೊದಲ ಕಾಳಗ ಎರಡು ಹಿಲ್ ಜೈಂಟ್‌ಗಳ ಎದುರು ನಡೆದದ್ದು. ತಂಡದಲ್ಲಿ 7ನೇ ಲೆವೆಲ್‌ನ ಫೈಟರ್, ವಿಝರ್ಡ್, ಕ್ಲೆರಿಕ್ ಮತ್ತು ರೋಗ್ ಇದ್ದರು. ವಿಝರ್ಡ್ ತನ್ನ ಮೇಲೆಯೇ ಪಾಲಿಮಾರ್ಫ್ ಹಾಕಿಕೊಂಡು ಜೈಂಟ್ ಏಪ್ ಆದ. ಎರಡನೇ ಸುತ್ತಿನ ಹೊತ್ತಿಗೆ ಫೈಟರ್ ಆಡುತ್ತಿದ್ದ ಗೆಳೆಯ ಕುರ್ಚಿಗೆ ಒರಗಿಕೊಂಡು, "ಗುರು, ನನ್ನ ಟರ್ನ್ ಬಂದ್ರೆ ಎಬ್ಬಿಸು" ಎಂದ. ಎಲ್ಲರೂ ನಕ್ಕರು, ನನಗೆ ನಗು ಬರಲಿಲ್ಲ. ನಾಲ್ಕು ಸುತ್ತುಗಳಲ್ಲಿ ಕಾಳಗ ಮುಗಿದಾಗ ಏಪ್‌ನ 157 ಹಿಟ್ ಪಾಯಿಂಟ್‌ಗಳಲ್ಲಿ 31 ಉಳಿದಿದ್ದವು, ಉಳಿದ ಮೂವರ ಮೈಮೇಲೆ ಒಂದು ಗೀರೂ ಬಿದ್ದಿರಲಿಲ್ಲ.

ಮನೆಗೆ ಬಂದು ಹಾಳೆಯನ್ನು ನೋಡಿದಾಗ ಎರಡು ಸಂಗತಿಗಳು ಕಂಡವು. ಜೈಂಟ್‌ಗಳ ದೊಣ್ಣೆಯ 7 ಹೊಡೆತಗಳು, ತಲಾ 18ರಂತೆ, ಒಟ್ಟು 126, ಎಲ್ಲವೂ ಏಪ್‌ನ ಮೇಲೆಯೇ ಬಿದ್ದಿದ್ದವು. ಅಂದರೆ ನನ್ನ ಜೈಂಟ್‌ಗಳು ಎದುರಿಗೆ ಕಂಡ ಅತಿ ದಪ್ಪನೆಯ ಗೋಡೆಗೇ ತಲೆ ಚಚ್ಚಿಕೊಂಡಿದ್ದವು. ಎರಡನೆಯದು, ಕಾನ್ಸಂಟ್ರೇಶನ್ ಎಂದು ಬರೆದ ಅಂಕಣ ಪೂರ್ತಿ ಖಾಲಿಯಿತ್ತು. ನಾನು ಕೇಳಲಿಲ್ಲ, ವಿಝರ್ಡ್ ನೆನಪಿಸಲಿಲ್ಲ. ಪ್ರತಿ ಹೊಡೆತಕ್ಕೂ ಡಿ.ಸಿ. 10ರ, ಅಂದರೆ 20 ಮುಖದ ದಾಳದಿಂದ 10 ಮುಟ್ಟಬೇಕಾದ, ಪರೀಕ್ಷೆ ಆಗಬೇಕಿತ್ತು. ಏಪ್‌ನ ಕಾನ್ಸ್ಟಿಟ್ಯೂಶನ್ (ದೇಹದ ತಾಳಿಕೆ) 18 ಆದ್ದರಿಂದ ದಾಳಕ್ಕೆ 4 ಸೇರುತ್ತದೆ, 6 ಅಥವಾ ಹೆಚ್ಚು ಬಿದ್ದರೆ ಗೆಲುವು, ಅಂದರೆ ನೂರಕ್ಕೆ 75ರ ಸಾಧ್ಯತೆ. ಒಂದೊಂದು ಪರೀಕ್ಷೆಯೂ ಸುಲಭವೆನಿಸುತ್ತದೆ, ಆದರೆ ಏಳನ್ನೂ ಒಂದರ ಮೇಲೊಂದರಂತೆ ಗೆಲ್ಲುವ ಸಾಧ್ಯತೆ ನೂರಕ್ಕೆ 13 ಮಾತ್ರ. ನಿಯಮದ ಪ್ರಕಾರ ಆಡಿದ್ದರೆ ಆ ಏಪ್ ಕಾಳಗದ ನಡುವೆಯೇ ಮತ್ತೆ 44 ಹಿಟ್ ಪಾಯಿಂಟ್‌ಗಳ ವಿಝರ್ಡ್ ಆಗಿ ಎರಡು ಜೈಂಟ್‌ಗಳ ಕಾಲಡಿ ನಿಂತಿರುವ ಸಾಧ್ಯತೆಯೇ ಹೆಚ್ಚಾಗಿತ್ತು. ಮಂತ್ರವನ್ನು ನಿಷೇಧಿಸಲು ಹೊರಟಿದ್ದವನು ನಾನೇ!

ನಿಯಮದ ಓದಿನಲ್ಲಿ ಆಗುವ ತಪ್ಪುಗಳು

ಆದ್ದರಿಂದ ಎರಡನೆಯ ಹೆಜ್ಜೆ ಮಂತ್ರದ ಪಠ್ಯವನ್ನು ಗಟ್ಟಿಯಾಗಿ ಓದುವುದು. ಎಲ್ಲರೂ ಕೂತಿರುವಾಗ ಓದಿದರೆ ಇನ್ನೂ ಒಳ್ಳೆಯದು, ಏಕೆಂದರೆ ಆಗ ತಪ್ಪು ಯಾರದ್ದೆಂಬ ಪ್ರಶ್ನೆ ಏಳುವುದಿಲ್ಲ.

ಪಾಲಿಮಾರ್ಫ್‌ನಿಂದ ಬೀಸ್ಟ್ ವರ್ಗದ ಪ್ರಾಣಿ ಮಾತ್ರ ಆಗಬಹುದು. ಡ್ರ್ಯಾಗನ್ ಆಗಲಾಗದು; ಟ್ರೋಲ್ ಆಗಲಾಗದು; ಗೂಬೆಯ ತಲೆ, ಕರಡಿಯ ಮೈ ಇರುವ ಔಲ್‌ಬೇರ್ ಕೂಡ ಆಗಲಾಗದು, ಏಕೆಂದರೆ ಅದರ ವರ್ಗ ಮಾನ್‌ಸ್ಟ್ರಾಸಿಟಿ. ಚಾಲೆಂಜ್ ರೇಟಿಂಗ್‌ನ (ಪ್ರಾಣಿ ಎಷ್ಟು ಕಠಿಣ ಎಂಬ ಅಂಕಿ) ಮಿತಿ ರೂಪ ಬದಲಾಗುವವರ ಲೆವೆಲ್‌ನಿಂದ ಬರುತ್ತದೆ, ಮಂತ್ರ ಹಾಕುವವರ ಲೆವೆಲ್‌ನಿಂದಲ್ಲ. ಬುದ್ಧಿಶಕ್ತಿಯೂ ಸೇರಿ ಎಲ್ಲ ಅಂಕಿಗಳು ಪ್ರಾಣಿಯವೇ ಆಗುತ್ತವೆ, ಪಾತ್ರದ ಸ್ವಭಾವ ಮಾತ್ರ ಉಳಿಯುತ್ತದೆ. ಜೈಂಟ್ ಏಪ್‌ನ ಇಂಟೆಲಿಜೆನ್ಸ್ 7, ಟಿರಾನೊಸಾರಸ್ ರೆಕ್ಸ್‌ನದು 2. ಮಾತಿಲ್ಲ, ಮಂತ್ರವಿಲ್ಲ, ಕತ್ತಿ, ಕವಚ, ಮಾಯಾ ಉಂಗುರಗಳೆಲ್ಲ ಹೊಸ ಮೈಯೊಳಗೆ ಕರಗಿ ನಿಷ್ಕ್ರಿಯವಾಗುತ್ತವೆ. ರೆಕ್ಸ್ ಆಗಿರುವವರು ಮೇಜಿನ ಆಚೆ ಕೂತು ಕ್ಲೆರಿಕ್‌ಗೆ ಯುದ್ಧತಂತ್ರ ಹೇಳಿಕೊಡುತ್ತಿದ್ದರೆ ಅದು ನಿಯಮದೊಳಗಿನ ಆಟವಲ್ಲ. ಈ ಒಂದನ್ನು ಸರಿಪಡಿಸಿದರೇ ಆಟದ ರುಚಿ ಗಮನಾರ್ಹವಾಗಿ ಬದಲಾಗುತ್ತದೆ.

ಪ್ರಾಣಿಯ ಹಿಟ್ ಪಾಯಿಂಟ್ ಸೊನ್ನೆಯಾದಾಗ ಮಿಕ್ಕ ಡ್ಯಾಮೇಜ್ ಮೂಲ ದೇಹಕ್ಕೆ ದಾಟುತ್ತದೆ ಎಂಬುದನ್ನೂ ಹಲವರು ಬಿಟ್ಟುಬಿಡುತ್ತಾರೆ. ಏಪ್‌ಗೆ 10 ಉಳಿದಿರುವಾಗ 28ರ ಹೊಡೆತ ಬಿದ್ದರೆ ಒಳಗಿನ ವಿಝರ್ಡ್ 44ರಿಂದ 26ಕ್ಕೆ ಇಳಿಯಬೇಕು. ಇನ್ನು, ಸೊನ್ನೆಗೆ ಬಿದ್ದು ಪ್ರಜ್ಞೆ ತಪ್ಪಿದವರ ಮೇಲೆ ಪಾಲಿಮಾರ್ಫ್ ನಡೆಯುವುದೇ ಇಲ್ಲ. ಆದರೆ 1 ಹಿಟ್ ಪಾಯಿಂಟ್ ಉಳಿದವರ ಮೇಲೆ ನಡೆಯುತ್ತದೆ, ಮತ್ತು ಅಲ್ಲಿಯೇ ಈ ಮಂತ್ರದ ನಿಜವಾದ ಬಲ ಅಡಗಿದೆ.

ಎರಡು ಅಳತೆಗೋಲುಗಳ ತೊಡಕು

ನಿಯಮಗಳನ್ನೆಲ್ಲ ಸರಿಯಾಗಿ ಪಾಲಿಸಿದ ಮೇಲೂ ಆಟ ವಾಲುತ್ತಿದ್ದರೆ ಕಾರಣ ರಚನೆಯಲ್ಲಿಯೇ ಇದೆ, ಅದನ್ನು ಮುಚ್ಚಿಡಬೇಕಾಗಿಲ್ಲ. 7ನೇ ಲೆವೆಲ್‌ನ ಪಾತ್ರ 7ರ ಚಾಲೆಂಜ್ ರೇಟಿಂಗ್‌ನ ಪ್ರಾಣಿ ಆಗಬಹುದು ಎಂಬ ವಾಕ್ಯ ಓದಲು ನ್ಯಾಯವಾಗಿ ಕಾಣುತ್ತದೆ, 7ಕ್ಕೆ 7 ಸಮವಲ್ಲವೇ? ಸಮವಲ್ಲ. ಲೆವೆಲ್ ಒಬ್ಬ ವ್ಯಕ್ತಿಯ ಅಳತೆ. ಚಾಲೆಂಜ್ ರೇಟಿಂಗ್ ನಾಲ್ವರ ತಂಡದ ಎದುರು ನಿಲ್ಲಬೇಕಾದ ಶತ್ರುವಿನ ಅಳತೆ. ಚೆನ್ನಾಗಿ ವಿಶ್ರಮಿಸಿದ, ಸಜ್ಜಾದ ನಾಲ್ವರು 7ನೇ ಲೆವೆಲ್‌ನವರು ಯಾರೂ ಸಾಯದೆ ಗೆಲ್ಲಬಹುದಾದ ಮೃಗವೇ 7ರ ರೇಟಿಂಗ್‌ನ ಮೃಗ. ಸೇರಿನಲ್ಲಿ ಅಳೆದದ್ದನ್ನು ಪಾವಿನ ಲೆಕ್ಕದಲ್ಲಿ ಕೊಟ್ಟಂತಾಯಿತು.

ಅಂಕಿಗಳಲ್ಲಿ ನೋಡೋಣ. ಕಾನ್ಸ್ಟಿಟ್ಯೂಶನ್ 16 ಇರುವ 7ನೇ ಲೆವೆಲ್ ಫೈಟರ್‌ಗೆ ಸರಾಸರಿ ಲೆಕ್ಕದಲ್ಲಿ 67 ಹಿಟ್ ಪಾಯಿಂಟ್. ಕಾನ್ಸ್ಟಿಟ್ಯೂಶನ್ 14ರ ವಿಝರ್ಡ್‌ಗೆ 44, ಕ್ಲೆರಿಕ್‌ಗೆ 52. ಮೂವರದ್ದು ಸೇರಿ 163. ಜೈಂಟ್ ಏಪ್ ಒಂದಕ್ಕೇ 157. ಮುಷ್ಟಿಯ ಲೆಕ್ಕವೂ ಇದೆ: ಆರ್ಮರ್ ಕ್ಲಾಸ್ (ಹೊಡೆತ ತಾಗಲು ದಾಳದಿಂದ ಮುಟ್ಟಬೇಕಾದ ಅಂಕಿ) 15ರ ಶತ್ರುವಿನ ಮೇಲೆ ಏಪ್‌ನ ಎರಡು ಹೊಡೆತಗಳ ನಿರೀಕ್ಷಿತ ಡ್ಯಾಮೇಜ್ ಸುತ್ತಿಗೆ ಸುಮಾರು 35, ಸ್ಟ್ರೆಂಗ್ತ್ 18 ಇರುವ ಫೈಟರ್ ಗ್ರೇಟ್‌ಸೋರ್ಡ್ ಹಿಡಿದು ಎರಡು ಬಾರಿ ಬೀಸಿದರೆ ಸುಮಾರು 15.

ಹಾಗಿದ್ದರೂ ಮುಷ್ಟಿಯನ್ನು ನಾನು ಎರಡನೇ ಆರೋಪಿಯಾಗಿಯೇ ಇಡುತ್ತೇನೆ. ಕಾರಣವಿಷ್ಟೆ: ಫೈಟರ್‌ನನ್ನು ಏಪ್ ಮಾಡಿದರೆ ಅವನ 15 ಹೋಗಿ 35 ಬರುತ್ತದೆ, ನಿವ್ವಳ ಗಳಿಕೆ 20, ವಿಝರ್ಡ್ ತಾನೇ ಏಪ್ ಆದರೆ ಗುಂಪಿನ ಮೇಲೆ ಸರಾಸರಿ 28 ಸುರಿಯಬಲ್ಲ ಫೈರ್‌ಬಾಲ್ ಹೋಗುತ್ತದೆ. ಡ್ಯಾಮೇಜ್‌ನಲ್ಲಿ ಕೊಟ್ಟು ಪಡೆಯುವ ವ್ಯವಹಾರವಿದೆ. ಹಿಟ್ ಪಾಯಿಂಟ್‌ನಲ್ಲಿ ಅಂಥ ವ್ಯವಹಾರವೇ ಇಲ್ಲ, ಬರೀ ಪಡೆಯುವುದಷ್ಟೇ. ಏಪ್ ಸತ್ತ ಮೇಲೆ, ಮಿಕ್ಕ ಡ್ಯಾಮೇಜ್ ಬಿಟ್ಟರೆ, ಒಳಗಿದ್ದವರು ಹೋದಾಗ ಇದ್ದ ಅಂಕಿಯೊಂದಿಗೆ ಮರಳುತ್ತಾರೆ. ಇದಲ್ಲದೆ ಏಪ್‌ನ ಮುಷ್ಟಿಗೆ ಮಾಯೆಯಿಲ್ಲ. ಮಾಯೆಯಿಲ್ಲದ ಹೊಡೆತಗಳಿಗೆ ರೆಸಿಸ್ಟೆನ್ಸ್ ಇರುವ ಗಾರ್ಗಾಯಿಲ್‌ನಂಥ ಶತ್ರುವಿನ ಎದುರು ಅದರ 35 ಅರ್ಧಕ್ಕೆ ಇಳಿದು ಮಾಯಾ ಕತ್ತಿಯ ಫೈಟರ್‌ನ ಸಮೀಪಕ್ಕೆ ಬರುತ್ತದೆ. ಈ ನೆರವು ಹಳೆಯ ಮಾನ್ಸ್ಟರ್ ಮ್ಯಾನ್ಯುಯಲ್ ಬಳಸುವವರಿಗೆ ಮಾತ್ರ; ಪರಿಷ್ಕೃತ ಪುಸ್ತಕ ಈ ಭೇದವನ್ನು ಕೈಬಿಟ್ಟಿದೆ.

ಈ ರೋಗ ಹೊಸದೇನಲ್ಲ. 2003ರ 3.5 ಆವೃತ್ತಿಯಲ್ಲಿ ವೈಲ್ಡ್ ಶೇಪ್ ಮಾಡುವ ಡ್ರೂಯಿಡ್‌ಗೆ ಪ್ರಾಣಿಯ ಸ್ಟ್ರೆಂಗ್ತ್, ಡೆಕ್ಸ್‌ಟೆರಿಟಿ, ಕಾನ್ಸ್ಟಿಟ್ಯೂಶನ್ ದೊರೆಯುತ್ತಿದ್ದವು, ಬುದ್ಧಿ ತನ್ನದೇ ಉಳಿಯುತ್ತಿತ್ತು. ಆದ್ದರಿಂದ ಮೈಕಟ್ಟಿನ ಅಂಕಿಗಳನ್ನು ಕೆಳಗಿಟ್ಟು ಎಲ್ಲವನ್ನೂ ವಿಸ್ಡಮ್‌ಗೆ ಸುರಿದವರಿಗೆ ಏನೂ ನಷ್ಟವಿರಲಿಲ್ಲ. ನ್ಯಾಚುರಲ್ ಸ್ಪೆಲ್ ಎಂಬ ಫೀಟ್ (ವಿಶೇಷ ಕೌಶಲ) ಸೇರಿದರಂತೂ ಕರಡಿಯಾಗಿದ್ದುಕೊಂಡೇ ಮಂತ್ರ ಹಾಕಬಹುದಿತ್ತು. 2009ರಲ್ಲಿ ಬಂದ ಪಾಥ್‌ಫೈಂಡರ್ ಎಂಬ ಇದೇ ಬಗೆಯ ಆಟ ಪ್ರಾಣಿಯ ಅಂಕಿಗಳನ್ನು ಎರವಲು ಪಡೆಯುವುದನ್ನೇ ನಿಲ್ಲಿಸಿ, ಆಕಾರಕ್ಕೆ ತಕ್ಕ ನಿಗದಿತ ಹೆಚ್ಚಳ ಕೊಟ್ಟಿತು. ನಾಲ್ಕನೇ ಆವೃತ್ತಿಯ ಡ್ರೂಯಿಡ್ ಮೃಗವಾದರೂ ಅಂಕಿಗಳು ತನ್ನವೇ ಉಳಿಯುತ್ತಿದ್ದವು. ಐದನೇ ಆವೃತ್ತಿ ಪ್ರಾಣಿಯ ಇಡೀ ಸ್ಟ್ಯಾಟ್ ಬ್ಲಾಕನ್ನೇ (ಅಂಕಿಪಟ್ಟಿ) ಕೈಗಿಟ್ಟು ಹಳೆಯ ಬಾಗಿಲನ್ನು ಇನ್ನೊಂದು ಬೀಗದ ಕೈಯಿಂದ ತೆರೆಯಿತು. ಆಡಲು ಸರಳ, ಹಿಡಿತ ಕಷ್ಟ.

ಕಾನ್ಸಂಟ್ರೇಶನ್ ಮುರಿಯುವ ದಾರಿ ಮತ್ತು ಅದರ ಮಿತಿ

ಮಂತ್ರ ಹಾಕಿದವರು ಬೇರೆಯವರನ್ನು ಏಪ್ ಮಾಡಿ ತಾವು ಹಿಂದೆ ನಿಂತಿದ್ದರೆ ಪರೀಕ್ಷೆ ಅವರ ಸ್ವಂತ ಕಾನ್ಸ್ಟಿಟ್ಯೂಶನ್‌ನಿಂದ ನಡೆಯುತ್ತದೆ. 2 ಸೇರಿಸಿಕೊಳ್ಳುವ ವಿಝರ್ಡ್‌ಗೆ ಡಿ.ಸಿ. 10ರಲ್ಲಿ ಗೆಲುವಿನ ಸಾಧ್ಯತೆ ನೂರಕ್ಕೆ 65. ಒಂದೇ ಸುತ್ತಿನಲ್ಲಿ ಮೂರು ಬಾಣ ತಾಗಿದರೆ ಮೂರನ್ನೂ ಗೆಲ್ಲುವ ಸಾಧ್ಯತೆ ನೂರಕ್ಕೆ 27. ಹಿಲ್ ಜೈಂಟ್‌ನಂಥ ಮಂದಬುದ್ಧಿಯ ಶತ್ರುವೂ 60 ಅಡಿ ದೂರದವರೆಗೆ ಬಂಡೆಯನ್ನು ಗುರಿಯಿಟ್ಟು ಎಸೆಯಬಲ್ಲದು. ಎದುರಿಗಿದ್ದ ಮನುಷ್ಯ ಏಪ್ ಆಗುವ ಮುನ್ನ ಹಿಂದೆ ಕೈಯಾಡಿಸಿ ಮಂತ್ರ ಹೇಳಿದ್ದು ಯಾರೆಂದು ಅದು ಕಂಡಿರುತ್ತದೆ. ಶತ್ರುಪಕ್ಷದಲ್ಲಿ ಮಂತ್ರವಾದಿ ಇದ್ದರೆ ಮಂತ್ರ ಕಳೆಯುವ ಡಿಸ್ಪೆಲ್ ಮ್ಯಾಜಿಕ್ ಇದೆ. ಪಾಲಿಮಾರ್ಫ್ 4ನೇ ಹಂತದ ಮಂತ್ರವಾದ್ದರಿಂದ 3ನೇ ಹಂತದ ಸ್ಲಾಟ್ (ಮಂತ್ರ ಹಾಕಲು ದಿನಕ್ಕೆ ಇಷ್ಟೇ ಎಂದು ಸಿಗುವ ಪಾಲು) ಬಳಸಿದವರು ಡಿ.ಸಿ. 14ರ ಪರೀಕ್ಷೆ ಗೆಲ್ಲಬೇಕು.

ಇಲ್ಲೊಂದು ಎಚ್ಚರಿಕೆ. ಪ್ರತಿ ಕಾಳಗದಲ್ಲಿಯೂ ಎಲ್ಲ ಶತ್ರುಗಳು ಮೊದಲ ಸುತ್ತಿನಲ್ಲೇ ವಿಝರ್ಡ್ ಕಡೆಗೆ ನುಗ್ಗಿದರೆ ಅದನ್ನು ತಂತ್ರವೆಂದು ಯಾರೂ ನಂಬುವುದಿಲ್ಲ, ಡಂಜನ್ ಮಾಸ್ಟರ್ ಸೇಡು ತೀರಿಸಿಕೊಳ್ಳುತ್ತಿದ್ದಾರೆಂದೇ ತಿಳಿಯುತ್ತಾರೆ. ತೋಳಗಳ ಹಿಂಡಿಗೆ ಮಂತ್ರದ ಗೊಡವೆ ಗೊತ್ತಿರಬೇಕಾಗಿಲ್ಲ. ಹಳೆಯ ಸೇನಾನಿಗೆ ಗೊತ್ತಿರಲೇಬೇಕು. ಶತ್ರುವಿನ ಬುದ್ಧಿಗೆ ತಕ್ಕಂತೆ ಈ ದಾರಿಯನ್ನು ಬಳಸಿದರೆ ಸಾಕು.

ಜಾಗದ ವಿಷಯವನ್ನೂ ಮರೆಯಬಾರದು. ಜೈಂಟ್ ಏಪ್‌ನ ಗಾತ್ರ ಹ್ಯೂಜ್, ಅದಕ್ಕೆ 15 ಅಡಿಗೆ 15 ಅಡಿಯ ನೆಲ ಬೇಕು. ಮೈ ಮುದುಡಿಕೊಂಡರೂ 10 ಅಡಿಗಿಂತ ಕಿರಿದಾದ ಓಣಿಯಲ್ಲಿ ತೂರಲಾರದು. 5 ಅಡಿ ಅಗಲದ ಸುರಂಗಗಳಿರುವ ಕೋಟೆಯಲ್ಲಿ ಏಪ್ ಹೊರಗಿನ ಅಂಗಳದ ಯೋಧ ಮಾತ್ರ. ಹಾರುವ ಶತ್ರುಗಳಿಂದ ಅದನ್ನು ಸುಲಭವಾಗಿ ಕಟ್ಟಿಹಾಕಬಹುದೆಂದು ಕೆಲವರು ಸಲಹೆ ಕೊಡುತ್ತಾರೆ, ಅದು ಅರ್ಧ ಸತ್ಯ. ಏಪ್ ಕೂಡ ಬಂಡೆ ಎಸೆಯುತ್ತದೆ, 100 ಅಡಿಯವರೆಗೆ, ತಾಗಿದರೆ ಸರಾಸರಿ 30.

ದಿನಕ್ಕೆ ಎಷ್ಟು ಕಾಳಗ?

ನಾನು ಪರೀಕ್ಷಿಸಿದ ಮೇಜುಗಳಲ್ಲಿ ಎಲ್ಲಕ್ಕಿಂತ ಹೆಚ್ಚು ಬಾರಿ ಸಿಕ್ಕ ದೋಷ ಇದೇ, ಮತ್ತು ಇದು ರೂಪಾಂತರಕ್ಕೆ ನೇರವಾಗಿ ಸಂಬಂಧಿಸಿದ್ದೇ ಅಲ್ಲ. 7ನೇ ಲೆವೆಲ್‌ನ ವಿಝರ್ಡ್‌ಗೆ 4ನೇ ಹಂತದ ಸ್ಲಾಟ್ ಇರುವುದು ಒಂದೇ. 8ರಲ್ಲಿ ಎರಡು, 9ರಲ್ಲಿ ಮೂರು. ಐದನೇ ಆವೃತ್ತಿಯ ಡಂಜನ್ ಮಾಸ್ಟರ್ಸ್ ಗೈಡ್ ಸ್ಲಾಟ್‌ಗಳು ಮರಳಿ ಸಿಗುವ ಒಂದು ಲಾಂಗ್ ರೆಸ್ಟ್‌ನಿಂದ (ರಾತ್ರಿಯ ದೀರ್ಘ ವಿಶ್ರಾಂತಿ) ಇನ್ನೊಂದರ ನಡುವೆ 6ರಿಂದ 8 ಮಧ್ಯಮ ಅಥವಾ ಕಠಿಣ ಕಾಳಗಗಳನ್ನು ತಂಡ ತಾಳಿಕೊಳ್ಳಬಹುದೆಂಬ ಅಂದಾಜಿನ ಮೇಲೆ ನಿಂತಿದೆ. ಆದರೆ ನಮ್ಮಲ್ಲಿ ಭಾನುವಾರ ಮಧ್ಯಾಹ್ನ ಮೂರು ಗಂಟೆ ಬಿಡುವು ಮಾಡಿಕೊಂಡು ಆಡುವವರಿಗೆ ಒಂದು ಆಟಕ್ಕೆ ಒಂದು ಕಾಳಗವೇ ಹೆಚ್ಚು, ಕಾಳಗ ಮುಗಿದರೆ ರಾತ್ರಿಯಾಯಿತೆಂದು ಪಾತ್ರಗಳೂ ಮಲಗಿಬಿಡುತ್ತವೆ. ದಿನಕ್ಕೊಂದೇ ಕಾಳಗವಾದರೆ ಆ ಒಂದು ಸ್ಲಾಟ್‌ಗೆ ಬೆಲೆಯೇ ಇರುವುದಿಲ್ಲ. ಎಲ್ಲ ಕಾಳಗವೂ ಏಪ್‌ನ ಕಾಳಗವಾಗುತ್ತದೆ.

ಪರಿಹಾರಕ್ಕೆ ಹೆಚ್ಚು ಕಾಳಗಗಳನ್ನು ತುರುಕಬೇಕಾಗಿಲ್ಲ. ಆಟದ ದಿನ ಮುಗಿದರೂ ಕಥೆಯ ದಿನ ಮುಗಿಯದಂತೆ ನೋಡಿಕೊಳ್ಳಿ: ಈ ಭಾನುವಾರ ಗುಹೆಯ ಬಾಗಿಲು, ಮುಂದಿನ ಭಾನುವಾರ ಅದೇ ಕಥಾದಿನದ ಮಧ್ಯಾಹ್ನ ಗುಹೆಯ ಒಳಗೆ. ಮಂತ್ರದ ಅವಧಿ 1 ಗಂಟೆ ಎಂಬುದು ನೆನಪಿರಲಿ, ಎರಡು ಕಾಳಗಗಳ ನಡುವೆ ಹತ್ತೇ ನಿಮಿಷ ಬಿಟ್ಟರೆ ಒಂದೇ ಸ್ಲಾಟ್ ಎರಡನ್ನೂ ನುಂಗಿಹಾಕುತ್ತದೆ. ಎರಡು ಗಂಟೆಯ ನಡಿಗೆ ಇಟ್ಟರೆ ನುಂಗಲಾರದು. ನನ್ನ ಮೇಜಿನಲ್ಲಿ ಈ ಒಂದೇ ಬದಲಾವಣೆಯಾದ ಮೇಲೆ ವಿಝರ್ಡ್ ಆಡುವವನು ಮೊದಲ ಕಾಳಗದಲ್ಲಿ ಸ್ಲಾಟ್ ಮುಟ್ಟಲು ಹಿಂಜರಿಯತೊಡಗಿದ.

ಕರಡಿಯ ವಿಷಯ ಬೇರೆ

ವೈಲ್ಡ್ ಶೇಪ್‌ಗೆ ಮೇಲಿನ ಔಷಧ ಹಿಡಿಸುವುದಿಲ್ಲ, ಕೆಲವೊಮ್ಮೆ ಉಲ್ಟಾ ಹೊಡೆಯುತ್ತದೆ. 2014ರ ನಿಯಮದಲ್ಲಿ ಡ್ರೂಯಿಡ್‌ಗೆ ಎರಡು ರೂಪಾಂತರಗಳು ಶಾರ್ಟ್ ರೆಸ್ಟ್‌ಗೇ ಮರಳಿ ಸಿಗುತ್ತವೆ. ಕಾಳಗಗಳನ್ನು ಹೆಚ್ಚಿಸಿ ನಡುವೆ ಒಂದೊಂದು ಗಂಟೆ ವಿಶ್ರಾಂತಿ ಕೊಟ್ಟರೆ ವಿಝರ್ಡ್ ಬಡವಾಗುತ್ತಾನೆ, ಡ್ರೂಯಿಡ್ ಸಿರಿವಂತನಾಗುತ್ತಾನೆ. ಇಲ್ಲಿ ಎಣಿಸಬೇಕಾದದ್ದು ಶಾರ್ಟ್ ರೆಸ್ಟ್‌ಗಳನ್ನು. ಕಾನ್ಸಂಟ್ರೇಶನ್ ಮುರಿಯುವ ದಾರಿಯೂ ಇಲ್ಲ, ಏಕೆಂದರೆ ವೈಲ್ಡ್ ಶೇಪ್‌ಗೆ ಕಾನ್ಸಂಟ್ರೇಶನ್ ಬೇಕಾಗಿಯೇ ಇಲ್ಲ. ಮೃಗವಾಗುವ ಮುಂಚೆ ಹಾಕಿದ ಮಂತ್ರದ ಮೇಲೆ ಡ್ರೂಯಿಡ್ ಕಾನ್ಸಂಟ್ರೇಶನ್ ಉಳಿಸಿಕೊಳ್ಳಲೂಬಹುದು.

2ನೇ ಲೆವೆಲ್‌ನಲ್ಲಿ ಕಾನ್ಸ್ಟಿಟ್ಯೂಶನ್ 14 ಇರುವ ಡ್ರೂಯಿಡ್‌ನ ಸ್ವಂತ ಹಿಟ್ ಪಾಯಿಂಟ್ 17. ಕಂದು ಕರಡಿಯದು 34, ಎರಡು ಬಾರಿ ಆಗಬಹುದಾದ್ದರಿಂದ 68, ಒಟ್ಟು 85. ಪಕ್ಕದಲ್ಲಿ ನಿಂತ ಫೈಟರ್‌ನದು 22, ಸೆಕೆಂಡ್ ವಿಂಡ್ ಬಳಸಿದರೆ ಇನ್ನೊಂದಿಷ್ಟು. ಇದಕ್ಕೆ ಸೇರಿದಂತೆ ಕರಡಿ ಎರಡು ಬಾರಿ ಹೊಡೆಯುತ್ತದೆ, ಫೈಟರ್ ಒಂದು ಬಾರಿ. ದೂರು ನ್ಯಾಯವಾದದ್ದೇ.

ಆದರೆ ಈ ಜ್ವರ ತಾನಾಗಿಯೇ ಇಳಿಯುತ್ತದೆ. 5ನೇ ಲೆವೆಲ್‌ನಲ್ಲಿ ಫೈಟರ್‌ಗೆ ಎರಡನೇ ಹೊಡೆತ ಸಿಗುತ್ತದೆ, ಮೂನ್ ಡ್ರೂಯಿಡ್ ಮಾತ್ರ ಇನ್ನೂ 1ರ ಚಾಲೆಂಜ್ ರೇಟಿಂಗ್‌ನಲ್ಲೇ ಇರುತ್ತಾನೆ. 6ರಲ್ಲಿ 2ರ ರೇಟಿಂಗ್, 9ರಲ್ಲಿ 3ರದು. ಕರಡಿಯ ಆರ್ಮರ್ ಕ್ಲಾಸ್ 11 ಆದ್ದರಿಂದ ದೊಡ್ಡದೊಂದು ಶತ್ರುವಿನ ಬದಲು ಆರು ಗಾಬ್ಲಿನ್‌ಗಳನ್ನು ಇಟ್ಟರೆ ಹೆಚ್ಚಿನ ಬಾಣಗಳು ತಾಗುತ್ತವೆ, ಕರಡಿ ಸುತ್ತಿಗೆ ಒಂದೋ ಎರಡೋ ಗಾಬ್ಲಿನ್‌ಗಳನ್ನಷ್ಟೇ ಮುಗಿಸಬಲ್ಲದು. ಎರಡು ಮೂರು ತಿಂಗಳು ತಾಳಿಕೊಂಡರೆ ಸರಿಹೋಗುವ ಜ್ವರಕ್ಕೆ ಶಸ್ತ್ರಚಿಕಿತ್ಸೆ ಬೇಡ ಎಂಬುದು ನನ್ನ ಅಭಿಪ್ರಾಯ. ಒಂದನ್ನು ಮಾತ್ರ ಪರಿಶೀಲಿಸಿ: ಮೂನ್ ಅಲ್ಲದ ಸಾಮಾನ್ಯ ಡ್ರೂಯಿಡ್ 2ನೇ ಲೆವೆಲ್‌ನಲ್ಲಿ ಕಾಲು (1/4) ರೇಟಿಂಗ್‌ನ ಪ್ರಾಣಿಯಷ್ಟೇ ಆಗಬಹುದು, ಈಜುವ ಅಥವಾ ಹಾರುವ ಪ್ರಾಣಿಯೂ ಆಗುವಂತಿಲ್ಲ. ಅಂಥವರು ಕರಡಿಯಾಗುತ್ತಿದ್ದರೆ ದೋಷ ಪಾತ್ರದ ವಿವರ ಬರೆದ ಹಾಳೆಯಲ್ಲಿದೆ, ಆಟದಲ್ಲಿಲ್ಲ.

2024ರ ಪರಿಷ್ಕರಣೆ ಈ ಕರಡಿಯನ್ನು ನೇರವಾಗಿ ತಿದ್ದಿತು. ಈಗ ಡ್ರೂಯಿಡ್ ತನ್ನ ಹಿಟ್ ಪಾಯಿಂಟ್‌ಗಳನ್ನೇ ಉಳಿಸಿಕೊಂಡು, ಲೆವೆಲ್‌ನಷ್ಟು ತಾತ್ಕಾಲಿಕ ಹಿಟ್ ಪಾಯಿಂಟ್ ಪಡೆಯುತ್ತಾನೆ, ಮೂನ್ ಆದರೆ ಅದರ ಮೂರರಷ್ಟು. 3ನೇ ಲೆವೆಲ್‌ನಲ್ಲಿ 34 ಇದ್ದ ಜಾಗದಲ್ಲಿ 9. ಪಾಲಿಮಾರ್ಫ್ ವಿಷಯದಲ್ಲಿ ಅದೇ ಪುಸ್ತಕ ಅಷ್ಟು ಬಿಗಿಯಾಗಲಿಲ್ಲ: ಅಲ್ಲಿಯೂ ತಾತ್ಕಾಲಿಕ ಹಿಟ್ ಪಾಯಿಂಟ್ ಎಂದು ಹೆಸರು ಬದಲಾಗಿದೆ, ಮೊತ್ತ ಮಾತ್ರ ಪ್ರಾಣಿಯ ಪೂರ್ತಿ ಹಿಟ್ ಪಾಯಿಂಟ್‌ನಷ್ಟೇ ಇದೆ. ಕ್ಲೆರಿಕ್ ಹಾಕುವ ಚಿಕಿತ್ಸಾ ಮಂತ್ರದಿಂದ ಅದನ್ನು ತುಂಬಿಸಲಾಗದು ಎಂಬುದೊಂದು ಲಾಭ. ಹೊಸ ಪುಸ್ತಕ ಕೊಂಡರೆ ಏಪ್‌ನ ಕಾಟ ತಪ್ಪುತ್ತದೆಂದು ನಂಬಿದವರಿಗೆ ಆಶಾಭಂಗ ಖಚಿತ.

ಸರದಿಯ ದೋಷ

ಲೆಕ್ಕಗಳೆಲ್ಲ ಸರಿಯಾಗಿದ್ದೂ ಮೇಜಿನಲ್ಲಿ ಬೇಸರ ಉಳಿದಿದ್ದರೆ ಗಡಿಯಾರ ನೋಡಿ. ರೂಪ ಬದಲಿಸುವವರು ಪುಸ್ತಕ ತಿರುವುತ್ತಾ, ಯಾವ ಪ್ರಾಣಿ, ಅದರ ವೇಗವೆಷ್ಟು, ಹೊಡೆತವೆಷ್ಟು ಎಂದು ಐದು ನಿಮಿಷ ತೆಗೆದುಕೊಂಡರೆ ಉಳಿದ ಮೂವರು ಆ ಐದು ನಿಮಿಷ ಫೋನ್ ನೋಡುತ್ತಾರೆ. ಯಕ್ಷಗಾನದಲ್ಲಿ ಬಣ್ಣದ ವೇಷ ಬಂದಾಗ ಅದರ ಒಡ್ಡೋಲಗಕ್ಕೆ ಹೊತ್ತು, ಜಾಗ ಎರಡನ್ನೂ ಬಿಟ್ಟುಕೊಡುತ್ತಾರೆ ನಿಜ, ಇಡೀ ರಾತ್ರಿಯನ್ನು ಯಾರೂ ಬಿಟ್ಟುಕೊಡುವುದಿಲ್ಲ. ಪ್ರತಿ ಲೆವೆಲ್‌ಗೆ ನಾಲ್ಕೇ ಪ್ರಾಣಿಗಳನ್ನು ಮೊದಲೇ ಆರಿಸಿ, ಒಂದೊಂದನ್ನೂ ಒಂದು ರಟ್ಟಿನ ಚೀಟಿಯಲ್ಲಿ ಬರೆದುಕೊಂಡು ಬರಬೇಕು, ಚೀಟಿ ಇಲ್ಲದ ಪ್ರಾಣಿ ಆಗುವಂತಿಲ್ಲ ಎಂಬ ಒಪ್ಪಂದ ಮಾಡಿಕೊಳ್ಳಿ. 2024ರ ವೈಲ್ಡ್ ಶೇಪ್ ಕೂಡ 2ನೇ ಲೆವೆಲ್‌ನಲ್ಲಿ ನಾಲ್ಕು ರೂಪಗಳಿಂದಲೇ ಆರಂಭವಾಗುತ್ತದೆ.

ಮಂತ್ರವನ್ನು ಫೈಟರ್ ಮೇಲೆ ಹಾಕಿದರೆ ಅವರಿಗೂ ಖುಷಿ ಸಿಗುತ್ತದೆಂಬ ಸಲಹೆಯನ್ನು ನಾನೂ ಒಮ್ಮೆ ಪ್ರಯೋಗಿಸಿದೆ. ಮೊದಲ ಸಲ ಗೆಳೆಯ ಎದ್ದು ನಿಂತು ಎದೆ ಬಡಿದುಕೊಂಡ. ಎರಡನೇ ಸಲ ಚೀಟಿಯನ್ನು ಪಕ್ಕಕ್ಕೆ ಸರಿಸಿ, "ನಾನು ಕತ್ತಿ ಹಿಡಿಯೋಕೆ ಬಂದವನು ಕಣೋ" ಎಂದ. ಯಾರ ಮೇಲೆ ಹಾಕುವುದೆಂದು ಮುಂಚೆ ಕೇಳುವುದು ಸೌಜನ್ಯವಷ್ಟೇ ಅಲ್ಲ, ಸಮತೋಲನದ ಭಾಗವೂ ಹೌದು.

ನಿಯಮವನ್ನೇ ತಿದ್ದುವುದಾದರೆ

ಮೇಲಿನದೆಲ್ಲ ಆದ ಮೇಲೂ ಹಾಳೆಯಲ್ಲಿ ಏಪ್‌ನ ಹೆಸರೇ ತುಂಬಿದ್ದರೆ ಮಾತ್ರ ಮನೆಯ ನಿಯಮ ಮಾಡಿ, ಮತ್ತು ತಿದ್ದುವುದಾದರೆ ಅಳತೆಗೋಲನ್ನು ತಿದ್ದಿ. ಚಾಲೆಂಜ್ ರೇಟಿಂಗ್‌ನ ಮಿತಿಯನ್ನು ಪಾತ್ರದ ಲೆವೆಲ್‌ನ ಅರ್ಧಕ್ಕೆ, ಮೇಲ್ಮುಖವಾಗಿ ಪೂರ್ಣಾಂಕ ಮಾಡಿ ಇಡುವುದು ನನಗೆ ಹಿಡಿಸಿದ ದಾರಿ. 7ನೇ ಲೆವೆಲ್‌ಗೆ 4, ಆ ರೇಟಿಂಗ್‌ನಲ್ಲಿ ನಮಗೆಲ್ಲ ಪರಿಚಿತವಾದ ಆನೆ ಇದೆ. ಆನೆಯ ಹಿಟ್ ಪಾಯಿಂಟ್ 76, ಫೈಟರ್‌ನದು 67. ಆರ್ಮರ್ ಕ್ಲಾಸ್ 15ರ ಎದುರು ಆನೆಯ ದಂತದ ತಿವಿತ ಸುತ್ತಿಗೆ ಸುಮಾರು 14 ಕೊಡುತ್ತದೆ, ಫೈಟರ್‌ನ ಕತ್ತಿ 15. ಅಂದರೆ ಆನೆ ಫೈಟರ್‌ಗೆ ಸರಿಸಮನಾದ ಇನ್ನೊಬ್ಬ ಯೋಧನಾಗುತ್ತದೆ, ಅವನನ್ನು ಮೂಲೆಗೆ ತಳ್ಳುವುದಿಲ್ಲ. ಹಾಗೆಂದು ಮಂತ್ರ ನಿಷ್ಪ್ರಯೋಜಕವಾಗುವುದೂ ಇಲ್ಲ. 1 ಹಿಟ್ ಪಾಯಿಂಟ್‌ನಲ್ಲಿ ಏದುಸಿರು ಬಿಡುತ್ತಿರುವವರಿಗೆ 76 ಸಿಗುವುದು ಈಗಲೂ 4ನೇ ಹಂತದ ಸ್ಲಾಟ್‌ಗೆ ಒಳ್ಳೆಯ ಬೆಲೆಯೇ. ಹಿಟ್ ಪಾಯಿಂಟ್‌ಗಳನ್ನು ಮಾತ್ರ ಅರ್ಧ ಮಾಡುವ ಇನ್ನೊಂದು ಪದ್ಧತಿಯೂ ಚಾಲ್ತಿಯಲ್ಲಿದೆ. ಅದರಲ್ಲಿ ಮುಷ್ಟಿಯ 35 ಹಾಗೇ ಉಳಿಯುವುದರಿಂದ ನನಗೆ ಒಪ್ಪಿಗೆಯಿಲ್ಲ.

17ನೇ ಲೆವೆಲ್‌ನ ಟ್ರೂ ಪಾಲಿಮಾರ್ಫ್, ಶೇಪ್‌ಚೇಂಜ್ ಮಂತ್ರಗಳಿಗೆ ಈ ತಿದ್ದುಪಡಿ ಅನ್ವಯಿಸಬೇಡಿ. ಅಲ್ಲಿ 256 ಹಿಟ್ ಪಾಯಿಂಟ್‌ಗಳ ವಯಸ್ಕ ಚಿನ್ನದ ಡ್ರ್ಯಾಗನ್ ಆಗುವುದೇ ಮಂತ್ರದ ಉದ್ದೇಶ, ಆ ಹೊತ್ತಿಗೆ ಉಳಿದವರೂ ಅಷ್ಟೇ ಅತಿಮಾನುಷರಾಗಿರುತ್ತಾರೆ. ಶೇಪ್‌ಚೇಂಜ್‌ನಲ್ಲಿ ಹೊಸ ರೂಪದ ಲೆಜೆಂಡರಿ ಆಕ್ಷನ್‌ಗಳನ್ನು (ಬೇರೆಯವರ ಸರದಿಯ ಕೊನೆಗೆ ಮಾಡುವ ಹೆಚ್ಚುವರಿ ಕ್ರಿಯೆ) ಬಳಸುವಂತಿಲ್ಲ, ಆ ರೂಪದ ಪ್ರಾಣಿಯನ್ನು ಮೊದಲು ಕಂಡಿರಬೇಕು ಎಂಬ ಎರಡು ಷರತ್ತುಗಳನ್ನು ನೋಡಿಕೊಂಡರೆ ಸಾಕು. ಪಾಲಿಮಾರ್ಫ್ ಹಾಕಿ ಶತ್ರುವಿನ ನಾಯಕನನ್ನೇ ಆಮೆ ಮಾಡಿಬಿಡುವ ತೊಂದರೆಗೆ ಆ ನಾಯಕನಿಗೆ ಲೆಜೆಂಡರಿ ರೆಸಿಸ್ಟೆನ್ಸ್ (ಸೋತ ಪರೀಕ್ಷೆಯನ್ನು ಗೆದ್ದಂತೆ ಮಾಡಿಕೊಳ್ಳುವ ಶಕ್ತಿ) ಕೊಡುವುದೇ ಉತ್ತರ. ಸಣ್ಣಪುಟ್ಟ ಶತ್ರುಗಳು ಆಮೆಯಾದರೆ ಆಗಲಿ.

ಒಂದು ಬಾರಿಗೆ ಒಂದೇ ಬದಲಾವಣೆ ಮಾಡಿ, ಎರಡು ಆಟಗಳವರೆಗೆ ಹಾಳೆಯಲ್ಲಿ ಬರೆದು ನೋಡಿ, ಆಮೇಲೆ ಮುಂದಿನದಕ್ಕೆ ಕೈಹಾಕಿ. ನನ್ನ ಮೇಜಿನಲ್ಲಿ ಕಾನ್ಸಂಟ್ರೇಶನ್ ಅಂಕಣವನ್ನು ತುಂಬುವ ಕೆಲಸವನ್ನು ಫೈಟರ್ ಆಡುವ ಗೆಳೆಯನಿಗೇ ವಹಿಸಿದೆ. ಈಗ ಏಪ್‌ಗೆ ಹೊಡೆತ ಬಿದ್ದಾಗಲೆಲ್ಲ ಮೇಜಿನಲ್ಲಿ ಮೊದಲು ಕೇಳುವ ದನಿ ಅವನದೇ: "ದಾಳ ಹಾಕಪ್ಪ, ವಿಝರ್ಡು."